ಜಗಲಿಯ ಕುರ್ಚಿಗೆ ಹೊಸ ಗವಸು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳಲ್ಲಿ ಒಳ್ಳೆಯ ಮರಕ್ಕೆ ಬರವಿಲ್ಲ. ಅಜ್ಜನ ಕಾಲದ ಬೀಟೆಯ ಕುರ್ಚಿ, ಸಾಗವಾನಿಯ ಬೆಂಚು, ಜಗಲಿಯ ಬೆತ್ತದ ಸೋಫಾ ಇನ್ನೂ ಗಟ್ಟಿಯಾಗಿಯೇ ಇವೆ. ಕೆಟ್ಟಿರುವುದು ಅವುಗಳ ಮೇಲಿನ ಮೆತ್ತೆ. ಆದರೂ ಮನೆಯಲ್ಲಿ ಮದುವೆ ನಿಶ್ಚಯವಾದರೆ ಕುರ್ಚಿ ಅಟ್ಟ ಸೇರುತ್ತದೆ, ಪೇಟೆಯಿಂದ ರೆಕ್ಸಿನ್ ಹೊದಿಸಿದ ಸೋಫಾಸೆಟ್ಟು ಬರುತ್ತದೆ. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ರೆಕ್ಸಿನ್ ಸಿಪ್ಪೆ ಏಳುತ್ತದೆ, ಒಳಗಿನ ಪ್ಲೈವುಡ್ ಉಬ್ಬುತ್ತದೆ.

ಘಟ್ಟದ ಮೇಲಿನ ಈ ಸೀಮೆಗೆ ವರ್ಷಕ್ಕೆ ಸುಮಾರು 2,500 ಮಿ.ಮೀ. ಮಳೆ. ಪುನರ್ವಸು, ಪುಷ್ಯ ಮಳೆ ಹಿಡಿದಾಗ ಗೋಡೆ ಬೆವರುತ್ತದೆ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಮೊಳೆ ಹೊಡೆದು ಕೂರಿಸಿದ ಹೊದಿಕೆ ಇಲ್ಲಿ ಬಾಳುವುದಿಲ್ಲ. ಬಿಚ್ಚಿ ಒಗೆಯಲು ಬರುವ ಗವಸೇ ಆಗಬೇಕು. ಚೆಂದದ ಮಾತು ಆಮೇಲೆ.

ಗವಸಿನ ಹೊಲಿಗೆ ರವಿಕೆಯಷ್ಟು ಕಷ್ಟದ್ದಲ್ಲ. ಎಲ್ಲ ನೇರ ಗೆರೆ. ಕೈಮಗ್ಗದ ಹತ್ತಿ ಬಟ್ಟೆಯಾದರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿ ಹಾಕಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಮೆತ್ತೆಗೆ ತೊಡಿಸಲಾಗದು. ಮೆತ್ತೆ 20 ಇಂಚು ಚೌಕವಿದ್ದರೆ ಮೇಲಿನ, ಕೆಳಗಿನ ತುಂಡುಗಳನ್ನೂ 20 ಇಂಚಿಗೇ ಕತ್ತರಿಸಿ. ಸುತ್ತ ಅರ್ಧರ್ಧ ಇಂಚು ಹೊಲಿಗೆಗೆ ಹೋಗಿ ಗವಸು 19 ಇಂಚಾಗುತ್ತದೆ. ಆ ಒಂದು ಇಂಚಿನ ಬಿಗಿಯೇ ಕೂತಾಗ ಬಟ್ಟೆ ಮುದುಡದಂತೆ ಕಾಯುವುದು. ಜಿಪ್ಪನ್ನು ಹಿಂಬದಿಯ ಅಗಲಕ್ಕಷ್ಟೇ ಇಡುವುದು ಹೆಚ್ಚಿನವರು ಮಾಡುವ ಎಡವಟ್ಟು. ಎರಡೂ ಮೂಲೆ ದಾಟಿ ಮೂರು ಮೂರು ಇಂಚು ಪಕ್ಕಕ್ಕೆ ಹೊರಳಬೇಕು, ಅಂದರೆ 26 ಇಂಚು. ಆಗ ಫೋಮು ಗುದ್ದಾಟವಿಲ್ಲದೆ ಒಳಗೆ ಹೋಗುತ್ತದೆ. ನಾಲ್ಕು ಇಂಚು ದಪ್ಪದ ಮೆತ್ತೆಗೆ 48 ಇಂಚು ಅಗಲದ ಬಟ್ಟೆ ಒಂದು ಮೀಟರ್ ಸಾಕು. ಮೆಷಿನ್ನಿಗೆ 16ನೇ ನಂಬರಿನ ಸೂಜಿ ಹಾಕಿ. ರವಿಕೆ ಹೊಲಿಯುವ ಸಣ್ಣ ಸೂಜಿ ದಪ್ಪ ಮಡಿಕೆಯಲ್ಲಿ ಮುರಿಯುತ್ತದೆ.

ಒಳಗಿರುವುದು ಹಳೆಯ ಬೂರುಗದ ಹತ್ತಿಯಾದರೆ ಎಸೆಯಬೇಡಿ. ಗಂಟು ಬಿಡಿಸಿ ಎರಡು ದಿನ ಬಿಸಿಲಿಗೆ ಹಾಕಿದರೆ ಮತ್ತೆ ಅರಳುತ್ತದೆ. ಅದಕ್ಕೊಂದು ಕೋರಾ ಬಟ್ಟೆಯ ಒಳಚೀಲ ಮಾಡಿ, ಮೇಲೆ ಗವಸು ಹಾಕಿದರಾಯಿತು.

ಬಟ್ಟೆ ಯಾವುದು? ಗುಳೇದಗುಡ್ಡದ ಖಣ ಕಣ್ಣಿಗೆ ಹಬ್ಬ, ಆದರೆ ಅದು ರವಿಕೆಯ ಬಟ್ಟೆ. ಬೆನ್ನಿಗಿಡುವ ದಿಂಬಿಗೆ ಒಳಪದರ ಕೊಟ್ಟು ಬಳಸಬಹುದು, ಕೂರುವಲ್ಲಿ ತಾಳದು. ಕೂರುವ ಮೆತ್ತೆಗೆ ದಪ್ಪ ಖಾದಿಯೇ ಸೈ. ಸಿದ್ದಾಪುರದವರಿಗೆ ದೂರವಲ್ಲದ ಹೆಗ್ಗೋಡಿನ ‘ಚರಕ’ದಲ್ಲಿ ಅಡಿಕೆ ಚೊಗರಿನಲ್ಲಿ ಬಣ್ಣ ಕಟ್ಟಿದ ಕೈಮಗ್ಗದ ಬಟ್ಟೆ ಇದೆ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು ತಾಗಿದ ಪಂಚೆ ಮತ್ತೆ ಬಿಳಿಯಾಗದು ಎಂಬುದು ಅಡಿಕೆ ಬೆಳೆಯುವ ಮನೆಗಳಿಗೆಲ್ಲ ಗೊತ್ತು. ಆ ಕಂದುಗೆಂಪಿಗೆ ಇನ್ನೊಂದು ಗುಣವಿದೆ: ಜಗಲಿಯಲ್ಲಿ ಕವಳ ಹಾಕುವ ಹಿರಿಯರಿದ್ದರೆ ಕಲೆ ಕಾಣಿಸುವುದಿಲ್ಲ.

ಮೆಷಿನ್ನೇ ಇಲ್ಲದವರು ಯಲ್ಲಾಪುರ ಸೀಮೆಯ ಸಿದ್ದಿ ಹೆಂಗಸರ ಕೌದಿ ನೋಡಬೇಕು. ಹಳೆಯ ಸೀರೆಯನ್ನು ಹಾಸಿ, ಅಂಚಿನಿಂದ ಶುರುಮಾಡಿ, ಚೂರು ಚೂರು ಬಟ್ಟೆ ಜೋಡಿಸುತ್ತ, ಸುತ್ತಿ ಸುತ್ತಿ ನಡುವಿಗೆ ಬರುವ ಕೈಹೊಲಿಗೆ ಅದು. ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂ ಕೂರದೆ ಕೌದಿ ಮುಗಿಯುವುದಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿಯರ ಕೌದಿಗಳ ಪ್ರದರ್ಶನ ನಡೆಯಿತು. ಹಾಸಿಗೆಯಷ್ಟು ದೊಡ್ಡ ಕೌದಿಗೆ ತಿಂಗಳುಗಟ್ಟಲೆ ಬಿಡುವು ಬೇಕು. ಮೆತ್ತೆಯಷ್ಟಗಲದ್ದಕ್ಕೆ ಕೆಲವು ಮಧ್ಯಾಹ್ನ ಸಾಕು. ಕೊಳ್ಳುವ ಮನಸ್ಸಿದ್ದವರು ಹೊಲಿದವರಿಂದಲೇ ಕೊಳ್ಳಲಿ, ಚೌಕಾಸಿ ಬೇಡ.

ಕೊನೆಗೊಂದು ಮಾತು. ಹೊಲಿಯುವಾಗ ಮೆತ್ತೆಗೆ ಒಂದರಂತಲ್ಲ, ಎರಡರಂತೆ ಗವಸು ಹೊಲಿದಿಡಿ. ಆಷಾಢದಲ್ಲಿ ಒಗೆದದ್ದು ಒಣಗಲು ವಾರ ಬೇಕು.