ಪರದೇಶದಲ್ಲಿ ಒಂಟಿ ಪ್ರಯಾಣಿಕನ ಆಪತ್ತುಗಳು



ಊರಿನಲ್ಲಿ ಕೈಚೀಲವೊಂದು ಕಳೆದುಹೋದರೆ ಅದು ನಷ್ಟ; ಪರದೇಶದಲ್ಲಿ ಒಂಟಿಯಾಗಿರುವಾಗ ಕಳೆದುಹೋದರೆ ಅದು ಆಪತ್ತು. ಊರಿನಲ್ಲಿ ನಮ್ಮನ್ನು ಬಲ್ಲವರಿದ್ದಾರೆ. ಕೈಗಡ ಕೊಡುವ ನೆರೆಯವರೂ, 'ಇವರು ಇಂಥವರು' ಎಂದು ಸಾಕ್ಷಿ ನುಡಿಯುವ ಅಂಗಡಿಯವರೂ ಅಲ್ಲಿರುವರು. ಪರದೇಶದಲ್ಲಾದರೋ ನಾವು ಯಾರೆಂಬುದನ್ನು ಹೇಳತಕ್ಕದ್ದು ಪಾಸ್‌ಪೋರ್ಟೆಂಬ ಒಂದು ಸಣ್ಣ ಪುಸ್ತಕ ಮಾತ್ರ. ಅದೂ ಇಲ್ಲವಾದರೆ ನಾವು ಹೆಸರಿಲ್ಲದವರಾಗುವೆವು. ಇಂಥ ಸಮಯದಲ್ಲಿ ಏನು ಮಾಡಬೇಕೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಹಿಂದಿನ ಒಂದು ದೃಷ್ಟಾಂತದಿಂದ ಮೊದಲುಮಾಡುವೆವು. 1892ರಲ್ಲಿ ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರವರ ಆದರಕ್ಕೆ ಪಾತ್ರರಾಗಿದ್ದ ಸ್ವಾಮಿ ವಿವೇಕಾನಂದರು, ಮರುವರ್ಷ ಮೇ 31ರಂದು ಮುಂಬಯಿಯಲ್ಲಿ ಹಡಗನ್ನೇರಿ, ಜುಲೈ ತಿಂಗಳ ಕೊನೆಗೆ ಷಿಕಾಗೋ ನಗರವನ್ನು ಮುಟ್ಟಿದರು. ವಿಚಾರಿಸಿದರೆ, ಸರ್ವಧರ್ಮ ಸಮ್ಮೇಳನವು ಸೇರುವುದು ಸೆಪ್ಟೆಂಬರಿನಲ್ಲಿ ಎಂದು ತಿಳಿಯಿತು. ಪ್ರತಿನಿಧಿಯೆನಿಸಲು ಅಧಿಕೃತ ಪರಿಚಯಪತ್ರ ಬೇಕು, ಅದು ಅವರಲ್ಲಿರಲಿಲ್ಲ. ಕೈಯಲ್ಲಿದ್ದ ಹಣವೋ ದಿನದಿನಕ್ಕೆ ಕರಗುತ್ತಿತ್ತು. ಅವರು ಅಲ್ಲಿಯೇ ಕುಳಿತು ಕೊರಗಲಿಲ್ಲ. ಖರ್ಚು ಕಡಿಮೆಯೆಂದು ಕೇಳಿ ಬಾಸ್ಟನ್ನಿನ ಕಡೆಗೆ ಹೊರಟರು. ರೈಲಿನಲ್ಲಿ ಪರಿಚಯವಾದ ಕೇಟ್ ಸ್ಯಾನ್‌ಬರ್ನ್ ಎಂಬ ಮಹಿಳೆ ತಮ್ಮ ಮನೆಯಲ್ಲಿ ಆಶ್ರಯವಿತ್ತರು. ಆ ಪ್ರಾಂತದಲ್ಲಿದ್ದಾಗಲೇ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಜಾನ್ ಹೆನ್ರಿ ರೈಟ್ ಅವರ ಸ್ನೇಹ ದೊರೆತು, ಅವರಿಂದ ಬೇಕಾದ ಪತ್ರವೂ ದೊರೆಯಿತು. ಆಪತ್ತು ಅಷ್ಟಕ್ಕೇ ಮುಗಿಯಲಿಲ್ಲ. ಷಿಕಾಗೋಗೆ ಮರಳಿದಾಗ, ಹೋಗಬೇಕಾಗಿದ್ದ ಕಚೇರಿಯ ವಿಳಾಸವೇ ಕಳೆದುಹೋಗಿತ್ತು! ರಾತ್ರಿಯನ್ನು ರೈಲ್ವೆ ಅಂಗಳದಲ್ಲಿ ಕಳೆದು, ಬೆಳಗ್ಗೆ ಬೀದಿಬೀದಿ ಅಲೆದು, ದಣಿದು ರಸ್ತೆಯ ಬದಿಯಲ್ಲಿ ಕುಳಿತಿದ್ದಾಗ, ಎದುರು ಮನೆಯ ಶ್ರೀಮತಿ ಹೇಲ್ ಎಂಬವರು ಬಂದು ಮಾತನಾಡಿಸಿ ಒಳಗೆ ಕರೆದೊಯ್ದರು. ಸೆಪ್ಟೆಂಬರ್ 11ರಂದು ನಡೆದುದನ್ನು ಲೋಕವೇ ಬಲ್ಲದು.

ಆ ಮಹಾಪುರುಷರ ಯೋಗ್ಯತೆ ನಮಗಿಲ್ಲ. ಆದರೆ ಕೇವಲ ಪ್ರಯಾಣಿಕನ ದೃಷ್ಟಿಯಿಂದ ನೋಡಿದರೆ ಇಲ್ಲಿ ಮೂರು ಪಾಠಗಳಿವೆ. ಒಂದೇ ಕಡೆ ಬರೆದಿಟ್ಟ ವಿಳಾಸವನ್ನು ನೆಚ್ಚಿಕೊಳ್ಳಲಾಗದು. ಕಾಯಬೇಕಾಗಿ ಬಂದರೆ ಕಡಿಮೆ ವೆಚ್ಚದ ಸ್ಥಳದಲ್ಲಿ ಕಾಯುವುದೇ ಜಾಣತನ. ಕಷ್ಟವನ್ನು ಬಚ್ಚಿಡದೆ ಹೇಳಿಕೊಂಡವನಿಗೆ ಒಬ್ಬರ ಸಹಾಯವು ಇನ್ನೊಬ್ಬರ ಬಾಗಿಲನ್ನು ತೋರಿಸುತ್ತದೆ.

ನಮ್ಮದೇ ಒಂದು ಅನುಭವವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ಟೋಕಿಯೋ ನಗರದಲ್ಲಿ ಒಂದು ಚಳಿಗಾಲದ ಸಂಜೆ, ಊರನ್ನು ವರ್ತುಲವಾಗಿ ಸುತ್ತುವ ರೈಲಿನಿಂದ ಇಳಿದು ಹತ್ತು ಹೆಜ್ಜೆ ನಡೆದ ಮೇಲೆ, ಕೈಚೀಲವು ಗಾಡಿಯ ಮೇಲಟ್ಟದಲ್ಲಿಯೇ ಉಳಿಯಿತೆಂಬುದು ನೆನಪಾಯಿತು. ಪಾಸ್‌ಪೋರ್ಟು ಅದರಲ್ಲಿತ್ತು. ಎದೆ ಧಸಕ್ಕೆಂದಿತು. ನಿಲ್ದಾಣದ ನೌಕರರು ಶಾಂತವಾಗಿ ಕೇಳಿದುದು ಎರಡೇ ಪ್ರಶ್ನೆ: ಇಳಿದಾಗ ಗಂಟೆ ಎಷ್ಟು? ಎಷ್ಟನೆಯ ಗಾಡಿ? ಎರಡಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಹೇಳಬಲ್ಲವರಾಗಿದ್ದರೆ, ಸುಮಾರು ಒಂದು ಗಂಟೆಯಲ್ಲಿ ಸುತ್ತಿ ಅಲ್ಲಿಗೇ ಮರಳುವ ಆ ಗಾಡಿಯಲ್ಲಿ ಚೀಲವನ್ನು ಹುಡುಕುವುದು ಸುಲಭವಾಗುತ್ತಿತ್ತು. ಅಲ್ಲಿಂದ, ಜಪಾನಿನ ಬೀದಿಗಳಲ್ಲಿ ಕಾಣುವ 'ಕೋಬನ್' ಎಂಬ ಪುಟ್ಟ ಪೊಲೀಸ್ ಠಾಣೆಗೆ ಹೋಗಿ ದೂರು ಬರೆಯಿಸಿದೆವು. ಆ ದೇಶದಲ್ಲಿ ವಿದೇಶೀಯ ಪ್ರವಾಸಿಯು ಪಾಸ್‌ಪೋರ್ಟನ್ನು ಸದಾ ಜೊತೆಯಲ್ಲಿಟ್ಟುಕೊಂಡಿರಬೇಕೆಂಬುದು ಕಾನೂನು. ಆದಕಾರಣ ದೂರಿನ ಸಂಖ್ಯೆಯನ್ನು ಬರೆದ ಆ ಚೀಟಿಯೇ ನಮಗೆ ಆ ರಾತ್ರಿಯ ಆಧಾರ.

ಮರುದಿನ ಬೆಳಗಾಗುತ್ತಲೇ ನಮ್ಮ ರಾಯಭಾರ ಕಚೇರಿಗೆ ಓಡಿ, ಪಾಸ್‌ಪೋರ್ಟು ಕಳೆದುಹೋಯಿತೆಂದು ಬರೆದುಕೊಟ್ಟೆವು. ತಾಯ್ನಾಡಿಗೆ ಒಂದೇ ಬಾರಿ ಮರಳಲು ಸಲ್ಲುವ ತುರ್ತು ಪ್ರಮಾಣಪತ್ರವು ಕ್ರಮವಾಗಿ ದೊರೆಯಿತು. ಅದು ಕೈಸೇರಿದ ಮೇಲೆ ನಿಲ್ದಾಣದಿಂದ ಸುದ್ದಿ ಬಂದಿತು: ಚೀಲ ಸಿಕ್ಕಿದೆ! ಒಳಗೆ ಪಾಸ್‌ಪೋರ್ಟು ಹಾಗೆಯೇ ಇತ್ತು. ಆದರೆ ಅದು ಇನ್ನು ಬರಿಯ ಕಾಗದ. ಕಳೆಯಿತೆಂದು ಒಮ್ಮೆ ವರದಿಮಾಡಿದ ಪಾಸ್‌ಪೋರ್ಟು ರದ್ದಾಗುವುದು. ಸಿಕ್ಕಿದರೂ ಅದರಿಂದ ಪ್ರಯಾಣ ಮಾಡಕೂಡದು, ಅಧಿಕಾರಿಗಳಿಗೆ ಒಪ್ಪಿಸಬೇಕು. ಅಲ್ಲಿಂದ ಮುಂದೆ ಇನ್ನೊಂದು ದೇಶಕ್ಕೆ ಹೋಗಬೇಕೆಂದಿದ್ದ ನಮ್ಮ ಯೋಜನೆ ಅಲ್ಲಿಗೇ ನಿಂತಿತು. ತಪ್ಪು ಯಾರದೂ ಅಲ್ಲ, ನಮ್ಮ ಆತುರದ್ದು. ಪಾಸ್‌ಪೋರ್ಟನ್ನು ಯಾರಾದರೂ ಕದ್ದಿದ್ದರೆ ತಡಮಾಡದೆ ವರದಿಮಾಡತಕ್ಕದ್ದು. ಮರೆತು ಬಿಟ್ಟಿದ್ದರೆ, ಹೊರಡುವ ದಿನವು ಅವಕಾಶ ಕೊಡುವಷ್ಟು ಮಟ್ಟಿಗೆ, ಮೊದಲು ಕಳೆದ ವಸ್ತುಗಳ ಕಚೇರಿಯಲ್ಲಿ ವಿಚಾರಿಸುವುದು ವಿಹಿತ.

ಇನ್ನು ವಿಮಾನದ ಪೆಟ್ಟಿಗೆಗಳ ಮಾತು. ಪೆಟ್ಟಿಗೆ ಬಾರದಿದ್ದರೆ ನಿಲ್ದಾಣವನ್ನು ಬಿಡುವ ಮೊದಲೇ ಕಂಪೆನಿಯ ಮೇಜಿಗೆ ಹೋಗಿ ಲಿಖಿತ ವರದಿ ಪಡೆಯಬೇಕು. ಮನೆಗೆ ಹೋಗಿ ಬರೆಯೋಣವೆಂದವರು ಕೆಟ್ಟರು. 1999ರ ಮಾಂಟ್ರಿಯಲ್ ಒಡಂಬಡಿಕೆಯಂತೆ, ಪೆಟ್ಟಿಗೆ ಜಖಂ ಆಗಿದ್ದರೆ ಅದು ಕೈಸೇರಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ 21 ದಿನಗಳೊಳಗೆ ಬರಹದಲ್ಲಿ ದೂರಿಕೊಳ್ಳಬೇಕು. 21 ದಿನ ಕಳೆದರೂ ಬಾರದ ಪೆಟ್ಟಿಗೆಯನ್ನು ಕಳೆದುಹೋದುದೆಂದೇ ಭಾವಿಸಿ ಪರಿಹಾರ ಕೇಳಬಹುದು. ಭಾರತವು 2009ರಲ್ಲಿ ಈ ಒಡಂಬಡಿಕೆಗೆ ಸೇರಿತು. ಅಷ್ಟರಲ್ಲಿ ಕೊಂಡ ಬಟ್ಟೆಬರೆಗಳ ರಸೀತಿಗಳನ್ನು ಜೋಪಾನಮಾಡುವುದು ಮುಖ್ಯ.

ದೇಹಾಲಸ್ಯವು ಇವೆಲ್ಲಕ್ಕಿಂತ ಕಠಿಣ. ವಸತಿಗೃಹದ ಕೋಣೆಯಲ್ಲಿ ಜ್ವರದಿಂದ ಮಲಗಿದವನಿಗೆ ನೀರು ಕೊಡುವವರೂ ಇರುವುದಿಲ್ಲ. ಆದುದರಿಂದ ಆ ದೇಶದ ತುರ್ತು ಸಂಖ್ಯೆಯನ್ನು ಮೊದಲ ದಿನವೇ ಬಾಯಿಪಾಠ ಮಾಡಿಕೊಳ್ಳಬೇಕು. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 112, ಅಮೆರಿಕ ಮತ್ತು ಕೆನಡಾಗಳಲ್ಲಿ 911, ಇಂಗ್ಲೆಂಡಿನಲ್ಲಿ 999, ಜಪಾನಿನಲ್ಲಿ ಪೊಲೀಸರಿಗೆ 110, ಆಂಬುಲೆನ್ಸಿಗೆ 119. ತಾವು ಸೇವಿಸುವ ಔಷಧಗಳ ಹೆಸರನ್ನು ಅಂಗಡಿಯ ಹೆಸರಿನಿಂದಲ್ಲದೆ ರಾಸಾಯನಿಕ ನಾಮದಿಂದ ಬರೆದಿಟ್ಟುಕೊಳ್ಳುವುದೂ ಲೇಸು. ಅಂಗಡಿಯ ಹೆಸರು ದೇಶದಿಂದ ದೇಶಕ್ಕೆ ಬದಲಾಗುವುದು. ವಸತಿಗೃಹದ ನೌಕರರಿಗೆ 'ಮೈಯಲ್ಲಿ ಸ್ವಸ್ಥವಿಲ್ಲ, ಮಧ್ಯಾಹ್ನ ಒಮ್ಮೆ ಬಾಗಿಲು ತಟ್ಟಿರಿ' ಎಂದು ತಿಳಿಸುವುದರಲ್ಲಿ ನಾಚಿಕೆಪಡಬೇಕಾದುದಿಲ್ಲ.

ಯಾವುದೋ ತಪ್ಪು ತಿಳಿವಳಿಕೆಯಿಂದ ಪೊಲೀಸರು ತಡೆದಿಟ್ಟರೆ? 1963ರ ವಿಯೆನ್ನಾ ಒಡಂಬಡಿಕೆಯ 36ನೆಯ ವಿಧಿಯು, ಬಂಧಿತನಾದ ವಿದೇಶೀಯನು ಕೇಳಿಕೊಂಡಲ್ಲಿ ಅವನ ದೇಶದ ಕಾನ್ಸಲರಿಗೆ ತಡವಿಲ್ಲದೆ ತಿಳಿಸತಕ್ಕದ್ದೆಂದು ವಿಧಿಸಿದೆ. 'ಕೇಳಿಕೊಂಡಲ್ಲಿ' ಎಂಬ ಮಾತನ್ನು ಗಮನಿಸಬೇಕು. ಕೇಳುವ ಭಾರ ನಮ್ಮದೇ. ಅರ್ಥವಾಗದ ಭಾಷೆಯ ಕಾಗದಕ್ಕೆ ರುಜು ಹಾಕದೆ, ವಿನಯದಿಂದ, ಆದರೆ ದೃಢವಾಗಿ ದುಭಾಷಿಯನ್ನು ಕೇಳಬೇಕು.

ಹೊರಡುವ ಮೊದಲು ಮಾಡಬೇಕಾದುದು ಹೆಚ್ಚೇನೂ ಇಲ್ಲ. ಪಾಸ್‌ಪೋರ್ಟು, ವೀಸಾಗಳ ನಕಲನ್ನು ಬೇರೆ ಚೀಲದಲ್ಲೊಂದು, ಮನೆಯವರಲ್ಲೊಂದು ಇಡಬೇಕು. ಹಣವನ್ನು ಎರಡು ಕಡೆ ಹಂಚಬೇಕು. ಮುಖ್ಯವಾದ ನಾಲ್ಕು ದೂರವಾಣಿ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ಮೈಮೇಲಿನ ಜೇಬಿನಲ್ಲಿಡಬೇಕು. ಈಗ ಎಲ್ಲವೂ ಕೈಯ ಫೋನಿನಲ್ಲಿಯೇ ಇರುವುದು ನಿಜ. ಆದರೆ ಕಳೆದುಹೋಗುವುದೂ ಅದೇ ಫೋನು.

ಟೋಕಿಯೋದ ಆ ರಾತ್ರಿ ಮನೆಯವರಿಗೆ ವಿಷಯ ತಿಳಿಸಲು ನಾವು ಹಿಂಜರಿದೆವು. ಗಾಬರಿಪಡುವರೆಂಬುದು ನೆಪ; ನಿಜವಾಗಿ ಅಡ್ಡಬಂದುದು ನಮ್ಮ ಮರೆವಿನ ನಾಚಿಕೆ. ಬಹಳ ಹೊತ್ತಾದ ಮೇಲೆ ಹೇಳಿದಾಗ ಆ ಕಡೆಯಿಂದ ಬಂದ ಮೊದಲ ಮಾತು, 'ಊಟವಾಯಿತೇ?' ಎಂದು. ಆಗಿರಲಿಲ್ಲ. ಎದ್ದು ಹೋಗಿ ಬಿಸಿಬಿಸಿಯಾಗಿ ಏನನ್ನೋ ತಿಂದು ಬಂದ ಮೇಲೆಯೇ ಮರುದಿನದ ಕೆಲಸವನ್ನು ಯೋಚಿಸುವ ಶಕ್ತಿ ಬಂದುದು. ಪರದೇಶದ ಆಪತ್ತಿಗೆ ಕಾನೂನು, ಕಾಗದ, ಕಚೇರಿಗಳೆಲ್ಲ ಬೇಕು. ಆದರೆ ಅವೆಲ್ಲಕ್ಕೂ ಮೊದಲು ಬಾಯ್ಬಿಟ್ಟು ಯಾರಿಗಾದರೂ ಹೇಳಬೇಕು. ಹೊಟ್ಟೆಗೆ ಇಷ್ಟು ಹಾಕಿಕೊಳ್ಳಬೇಕು. ಮಿಕ್ಕುದು ಒಂದೊಂದಾಗಿ ಆಗುವುದು.