ನಾಯಿಯ ತುರಿಕೆ: ಪರೀಕ್ಷೆಗಿಂತ ಮೊದಲು ಪಟ್ಟಿ

ಮಳೆಗಾಲ ಕಾಲಿಟ್ಟ ಮೇಲೆ ಅತ್ತಿಬೆಲೆಯ ಖಾಲಿ ಸೈಟುಗಳಲ್ಲಿ, ಕಾರ್ಖಾನೆಗಳ ಕಾಂಪೌಂಡ್ ಬದಿಯಲ್ಲಿ ಕಾಂಗ್ರೆಸ್ ಗಿಡ ಆಳೆತ್ತರ ಬೆಳೆದು ಹೂ ಬಿಡುತ್ತದೆ. ಅದೇ ಹೊತ್ತಿಗೆ ನಾಯಿ ಪಂಜ ನೆಕ್ಕತೊಡಗಿದರೆ ಮನೆಯವರಿಗೆ ಅನುಮಾನ ಆ ಗಿಡದ ಮೇಲೆಯೇ. ಅದು ನಿರಾಧಾರವಲ್ಲ. ಆ ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಮನುಷ್ಯರ ಚರ್ಮಕ್ಕೂ ಅಲರ್ಜಿ ತರುತ್ತದೆ. ಆದರೂ ತೀರ್ಪನ್ನು ಸ್ವಲ್ಪ ತಡೆಯಬೇಕು.

ಪರಾಗ, ದೂಳಿನ ನುಸಿ, ಬೂಷ್ಟು ಇವುಗಳಿಂದ ಮನುಷ್ಯರಿಗೆ ಹೆಚ್ಚಾಗಿ ಸೀನು ಬಂದರೆ ನಾಯಿಗೆ ಬರುವುದು ತುರಿಕೆ. ಇದಕ್ಕೆ ವೈದ್ಯರು ಹೇಳುವ ಹೆಸರು ಅಟೋಪಿಕ್ ಡರ್ಮಟೈಟಿಸ್. ಇಂಥ ನಾಯಿಗಳ ಚರ್ಮದ ತಡೆ ದುರ್ಬಲ. ಒಳನುಗ್ಗಿದ ಕಣಗಳನ್ನು ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ಬಗೆಯುತ್ತದೆ. ಆಗ ಹೊರಬರುವ ಇಂಟರ್‌ಲ್ಯೂಕಿನ್-31 ಎಂಬ ಪ್ರೋಟೀನು ನರಗಳನ್ನು ಕೆಣಕುತ್ತದೆ. ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದ ಒಳಗೆ ಶುರುವಾಗಿ ಪಂಜ, ಕಿವಿ, ಕಂಕುಳು, ಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆ.

‘ಒಂದು ಬ್ಲಡ್ ಟೆಸ್ಟ್ ಮಾಡಿಬಿಡಿ ಡಾಕ್ಟ್ರೇ’ ಎನ್ನುವವರು ಬಹಳ. ಆದರೆ ಈ ಕಾಯಿಲೆಯನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲ. ತುರಿಕೆಯೇ ಇಲ್ಲದ ನಾಯಿಯ ರಕ್ತವೂ ಪಾಸಿಟಿವ್ ತೋರಿಸಬಹುದು. ಹಾಗಾಗಿ ಉಳಿದ ಕಾರಣಗಳನ್ನು ಒಂದೊಂದಾಗಿ ಪಟ್ಟಿಯಿಂದ ಹೊಡೆದುಹಾಕುತ್ತಾ ಬರಬೇಕು. ಮೊದಲು ಚಿಗಟ: ಅದರ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ನಾಲ್ಕಾರು ಕಡಿತವೇ ಸಾಕು, ಮೈಮೇಲೆ ಹುಡುಕಿದರೂ ಸಿಗದಿರಬಹುದು. ಕಜ್ಜಿಯ ನುಸಿಯೂ ಚರ್ಮ ಕೆರೆದು ನೋಡಿದಾಗ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಔಷಧ ಕೊಟ್ಟು ಕಾದು ನೋಡುವುದುಂಟು. ಬ್ಯಾಕ್ಟೀರಿಯಾ, ಯೀಸ್ಟ್ ಸೋಂಕಿದ್ದರೆ ಅದಕ್ಕೂ ಚಿಕಿತ್ಸೆ ಆಗಬೇಕು.

ಎಲ್ಲಕ್ಕಿಂತ ಕಷ್ಟದ್ದು ಆಹಾರದ ಅಲರ್ಜಿಯನ್ನು ಪಟ್ಟಿಯಿಂದ ಹೊಡೆದುಹಾಕುವ ಹಂತ. ಸುಮಾರು ಎಂಟು ವಾರ ವೈದ್ಯರು ಹೇಳಿದ ಆಹಾರ ಬಿಟ್ಟು ಬೇರೇನೂ ಕೊಡುವಂತಿಲ್ಲ. ಅಜ್ಜಿ ಕೊಟ್ಟ ಒಂದು ಬಿಸ್ಕತ್ತು, ಪಕ್ಕದ ಮನೆಯ ಚಿಕನ್ ಮೂಳೆ ಇಡೀ ಪರೀಕ್ಷೆಯನ್ನು ಕೆಡಿಸಬಲ್ಲದು. ಮನೆಮಂದಿಯೆಲ್ಲ ಒಪ್ಪದೆ ಇದಕ್ಕೆ ಕೈಹಾಕಬೇಡಿ.

ಇಷ್ಟಾದರೂ ತುರಿಕೆ ಉಳಿದರೆ ಆಗ ಪರಿಸರದ ಅಲರ್ಜಿ ಎನ್ನಬಹುದು. ರಕ್ತ ಇಲ್ಲವೇ ಚರ್ಮದ ಅಲರ್ಜಿ ಪರೀಕ್ಷೆಯ ನಿಜವಾದ ಕೆಲಸ ಈಗ: ದೇಹವನ್ನು ಅಲರ್ಜಿಕಾರಕಕ್ಕೆ ಒಗ್ಗಿಸುವ ಇಮ್ಯುನೊಥೆರಪಿಯ ಚುಚ್ಚುಮದ್ದಿನಲ್ಲಿ ಯಾವ ಅಲರ್ಜಿಕಾರಕ ಸೇರಿಸಬೇಕೆಂದು ತೀರ್ಮಾನಿಸುವುದು. ಅದರ ಫಲ ಕಾಣಲು ಒಂದು ವರ್ಷವೂ ಹಿಡಿಯಬಹುದು.

ತುರಿಕೆ ಹೂವಿನ ಕಾಲಕ್ಕಷ್ಟೇ ಬಂದು ಹೋದರೆ ಕಾಂಗ್ರೆಸ್ ಗಿಡದ ಮೇಲಿನ ಅನುಮಾನಕ್ಕೆ ಬಲ ಬರುತ್ತದೆ. ವರ್ಷವಿಡೀ ಇದ್ದರೆ ಮನೆಯೊಳಗೆ, ನಾಯಿಯ ಹಾಸಿಗೆಯಲ್ಲೇ ಇರುವ ದೂಳಿನ ನುಸಿಯನ್ನು ಶಂಕಿಸಬೇಕು. ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ತುರಿಕೆ ಹೆಚ್ಚಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು, ವೈದ್ಯರ ಬಳಿ ಹೋಗುವಾಗ ಅದನ್ನೂ ಒಯ್ಯಿರಿ.