ಹತ್ತು ಡಾಲರಿನ ಜೊಲ್ಲು, ಕೇಳದೆ ಅಳೆದ ಉಸಿರು

2013ರ ನವೆಂಬರ್. ಅಮೆರಿಕದ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ನಗರದಲ್ಲಿ ಸಮವಸ್ತ್ರ ತೊಟ್ಟ ಪೊಲೀಸರು ಕಾರುಗಳಿಗೆ ಕೈ ತೋರಿಸಿ ಪಾರ್ಕಿಂಗ್ ಜಾಗದೊಳಕ್ಕೆ ತಿರುಗಿಸುತ್ತಿದ್ದರು. ಅಲ್ಲಿ ಕಾದಿದ್ದವರು ಕೇಳಿದ್ದು ಲೈಸೆನ್ಸ್ ಅಲ್ಲ. ಉಸಿರು, ಜೊಲ್ಲು, ರಕ್ತ. ಜೊಲ್ಲಿಗೆ 10 ಡಾಲರ್, ರಕ್ತಕ್ಕೆ 50.

ಗಾಂಜಾ ಸೇದಿ ಗಾಡಿ ಓಡಿಸುವವರನ್ನು ಹಿಡಿಯಲು ಸರ್ಕಾರ ಬೀಸಿದ ಬಲೆ ಇದು ಎಂದು ಹಲವರು ನಂಬಿದರು. ಅದು ಸರಿಯಲ್ಲ. 1973ರಿಂದ ಆಗಾಗ ನಡೆಯುತ್ತಿದ್ದ ರಾಷ್ಟ್ರೀಯ ರಸ್ತೆಬದಿ ಸಮೀಕ್ಷೆ ಅದು. ಮಾದಕ ವಸ್ತುಗಳ ಪರೀಕ್ಷೆ ಅದಕ್ಕೆ ಸೇರಿದ್ದು 2007ರಲ್ಲಿ. ಮಾದರಿಯ ಮೇಲೆ ಹೆಸರಿರಲಿಲ್ಲ, ಫಲಿತಾಂಶ ಹಿಡಿದು ಕೇಸು ಹಾಕುತ್ತಲೂ ಇರಲಿಲ್ಲ.

ಹೆಸರು ಬರೆದುಕೊಳ್ಳದಿದ್ದರೆ, ಒಪ್ಪಿದವರಿಂದ ಮಾತ್ರ ಪಡೆದರೆ, ಖಾಸಗಿತನಕ್ಕೆ ಧಕ್ಕೆ ಎಲ್ಲಿ ಬಂತು? ಸಮೀಕ್ಷೆಯ ಪರ ನಿಂತವರ ವಾದ ಇದೇ, ಮತ್ತು ದೊಡ್ಡ ತಪ್ಪು ಕಲ್ಪನೆ ಇರುವುದೂ ಇಲ್ಲೇ. ಚಾಲಕರ ಕೈಗಿತ್ತ ಒಪ್ಪಿಗೆ ಪತ್ರದ ಸಣ್ಣಕ್ಷರಗಳಲ್ಲಿ ಒಂದು ಸಾಲಿತ್ತು: ಒಪ್ಪಿಗೆ ಪೂರ್ತಿಯಾಗುವ ಮೊದಲೇ ಉಸಿರಿನ ಮದ್ಯದಂಶವನ್ನು ಸೆನ್ಸರ್ ಅಳೆದಿರಬಹುದು. ಅಂದರೆ ಚಾಲಕ ‘ಬೇಡ’ ಎನ್ನುವಷ್ಟರಲ್ಲಿ ಅವನ ಉಸಿರಿನ ಲೆಕ್ಕ ಮುಗಿದಿರುತ್ತಿತ್ತು. ಅದಿರಲಿ, ಪೊಲೀಸರೇ ಗಾಡಿ ನಿಲ್ಲಿಸಿದಾಗ ‘ಇದು ನಿಮ್ಮಿಷ್ಟ’ ಎಂಬ ಮಾತನ್ನು ಯಾರು ತಾನೇ ನಂಬುತ್ತಾರೆ? ಒತ್ತಾಯದ ನೆರಳಿನಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ನಗರದ ಪೊಲೀಸ್ ಮುಖ್ಯಸ್ಥರು ಕ್ಷಮೆ ಕೇಳಿದರು.

2015ರಲ್ಲಿ ಫಲಿತಾಂಶ ಬಂತು. ವಾರಾಂತ್ಯದ ರಾತ್ರಿ ಗಾಡಿ ಓಡಿಸುತ್ತಿದ್ದವರಲ್ಲಿ ಗಾಂಜಾದ ಅಂಶ ಕಂಡವರು 2007ರಲ್ಲಿ ಶೇ 8.6, ಈ ಸಮೀಕ್ಷೆಯಲ್ಲಿ ಶೇ 12.6. ಅಷ್ಟೂ ಜನ ಅಮಲಿನಲ್ಲಿದ್ದರು ಎಂದುಕೊಂಡರೆ ಅದು ಇನ್ನೊಂದು ತಪ್ಪು. ಮದ್ಯ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಗಾಂಜಾದಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಂಡು, ನಿತ್ಯ ಸೇದುವವರ ರಕ್ತದಲ್ಲಿ ಅಮಲಿಳಿದ ಮೇಲೂ ದಿನಗಟ್ಟಲೆ ಸಿಗುತ್ತದೆ. ವರ್ಜೀನಿಯಾ ಬೀಚ್‌ನಲ್ಲಿ ನಡೆದು ಅದೇ ಹೊತ್ತಿಗೆ ಪ್ರಕಟವಾದ ಸರ್ಕಾರಿ ಅಧ್ಯಯನದಲ್ಲಿ, ವಯಸ್ಸು, ಲಿಂಗ ಮುಂತಾದವನ್ನು ಲೆಕ್ಕಕ್ಕೆ ಹಿಡಿದ ಮೇಲೆ ಗಾಂಜಾದಿಂದ ಅಪಘಾತದ ಅಪಾಯ ಗಮನಾರ್ಹವಾಗಿ ಹೆಚ್ಚಿದ್ದು ಕಾಣಲಿಲ್ಲ. ಹಾಗೆಂದು ಸೇದಿ ಓಡಿಸುವುದು ಕ್ಷೇಮ ಎಂದಲ್ಲ. ರಕ್ತದ ಒಂದು ಅಂಕಿ ಚಾಲಕನ ಸ್ಥಿತಿಯನ್ನು ಹೇಳಲಾರದು, ಅಷ್ಟೇ.

ಸಮೀಕ್ಷೆ ನಿಂತರೆ ಜನರಿಗೆ ಲಾಭವೇ ಎಂಬ ನಂಬಿಕೆಯೂ ಅರೆಸತ್ಯ. ಜನರ ಸಿಟ್ಟು ಕಂಡ ಅಮೆರಿಕದ ಸಂಸತ್ತು 2015ರ ಬಜೆಟ್ಟಿನಲ್ಲಿ ಇದಕ್ಕೆ ಹಣ ಬಳಸದಂತೆ ತಡೆಯಿತು. ಕೊಲರಾಡೊ, ವಾಷಿಂಗ್ಟನ್ ರಾಜ್ಯಗಳಲ್ಲಿ ಗಾಂಜಾ ಅಂಗಡಿಗಳು ಬಾಗಿಲು ತೆರೆದದ್ದು 2014ರಲ್ಲಿ. ಲೆಕ್ಕ ಅತ್ಯಂತ ಬೇಕಾಗಿದ್ದ ಹೊತ್ತಿನಲ್ಲೇ ಅದು ಕೈತಪ್ಪಿತು.